ಪಾರ್ಲರ್ ಕೆಲಸದಿಂದ ಕೈ ತುರಿಕೆ: ಕ್ರೀಮ್ ಬಿಡಿ, ಗ್ಲೌಸ್ ಯಾವಾಗ ತೆಗೀತೀರಿ ಹೇಳಿ

ಎರಡು ವರ್ಷದಿಂದ ಪಾರ್ಲರ್ ಕೆಲಸ, ಬೆರಳ ಸಂದಿಯಲ್ಲಿ ತುರಿಕೆ, ಯಾವ ಕ್ರೀಮ್ ಒಳ್ಳೇದು, ಇಲ್ಲಾಂದ್ರೆ ಕೆಲಸ ಬಿಡಬೇಕಾ ಅಂತ ಕೇಳಿದ್ದೀರಿ. ಓದುವಾಗ ನನ್ನ ಹಳೇ ಕೈ ಕಣ್ಣಮುಂದೆ ಬಂತು.

ಗದಗಿನಲ್ಲಿ ನನ್ನದೊಂದು ಸಣ್ಣ ಪಾರ್ಲರ್ ಇದೆ. ಅದಕ್ಕೂ ಮೊದಲು 3 ವರ್ಷ ಹುಬ್ಬಳ್ಳಿಯಲ್ಲಿ ಒಬ್ಬರ ಹತ್ತಿರ ಕೆಲಸ ಕಲಿತೆ. ಕಲಿಯೋಕೆ ಬಂದವರಿಗೆ ಮೊದಲು ಸಿಗೋದು ತಲೆ ತೊಳೆಯುವ ಕೆಲಸ, ಅಲ್ವಾ? ಮದುವೆ ಸೀಸನ್‌ನಲ್ಲಿ ಬೆಳಗಿನಿಂದ ರಾತ್ರಿವರೆಗೆ ಕೈ ನೀರಲ್ಲೇ. ಮೊದಲು ಉಂಗುರದ ಕೆಳಗೆ ಕೆಂಪಾಯಿತು. ಆಮೇಲೆ ಬೆರಳ ಸಂದಿ. ಹುಬ್ಬಳ್ಳಿ ನೀರು ಒಗ್ಗಿಲ್ಲ ಅಂದುಕೊಂಡೆ. ಮೆಡಿಕಲ್ ಶಾಪ್‌ನವರು ಕೊಟ್ಟ ಟ್ಯೂಬ್ ಹಚ್ಚಿದರೆ ನಾಲ್ಕು ದಿನ ಆರಾಮ, ಮತ್ತೆ ಶುರು. ಅದರಲ್ಲಿ ಸ್ಟೀರಾಯ್ಡ್ ಇತ್ತು ಅಂತ ಗೊತ್ತಾಗಿದ್ದು ಆಮೇಲೆ. ಹೀಗೇ ಒಂದು ವರ್ಷ ತಳ್ಳಿದೆ. ಬೆರಳು ಬಿರಿದು ರಕ್ತ ಬರತೊಡಗಿತು. ಊರಿಗೆ ಹೋದರೆ ರೊಟ್ಟಿ ಹಿಟ್ಟು ನಾದಲು ಆಗುತ್ತಿರಲಿಲ್ಲ. ಮೆಣಸಿನಕಾಯಿ ತುಂಬು ತೆಗೆಯುವಾಗ ಅವ್ವ ನನ್ನನ್ನು ಹತ್ತಿರವೇ ಬಿಟ್ಟುಕೊಳ್ಳಲಿಲ್ಲ.

ನಾನು ಗ್ಲೌಸ್ ಹಾಕುತ್ತಿರಲಿಲ್ಲ ಅಂದುಕೊಳ್ಳಬೇಡಿ. ಡೈ ಕಲಸುವಾಗ ಹಾಕುತ್ತಿದ್ದೆ, ಹಚ್ಚುವಾಗಲೂ ಹಾಕುತ್ತಿದ್ದೆ. ತೊಳೆಯುವಾಗ ತೆಗೆಯುತ್ತಿದ್ದೆ. ನನ್ನ ತಪ್ಪು ಇದೊಂದೇ. ಗ್ಲೌಸ್ ಇದ್ದರೆ ನೀರಿನ ಬಿಸಿ ತಿಳಿಯಲ್ಲ, ಕೂದಲು ಸಿಕ್ಕುತ್ತೆ, ಗಿರಾಕಿಗೆ ನೋವಾಗುತ್ತೆ. ಬಣ್ಣ ಕೂದಲಿಗೆ ಹಿಡಿದಾಯ್ತು, ಇನ್ನು ಬರೋದು ಬರೀ ನೀರು ಅಂತ ನಂಬಿದ್ದೆ. ಅದು ಬರೀ ನೀರಲ್ಲ. ಕಪ್ಪು ಡೈಗಳಲ್ಲಿ ಸಾಮಾನ್ಯವಾಗಿ ಪಿಪಿಡಿ ಅಂತ ಒಂದು ರಾಸಾಯನಿಕ ಇರುತ್ತೆ. ಡೈಗೆ ಕಲಸುವ ಡೆವಲಪರ್ ದ್ರವದ ಜೊತೆ ಸೇರಿ ಅದು ಕೂದಲೊಳಗೆ ಬಣ್ಣವಾಗುತ್ತೆ. ಆದರೆ ಎಲ್ಲವೂ ಬಣ್ಣವಾಗಲ್ಲ. ಉಳಿದದ್ದು ಮೊದಲ ತೊಳೆತದಲ್ಲಿ ನಿಮ್ಮ ಬೆರಳ ಮೇಲೇ ಹರಿಯುತ್ತೆ. ನೀರು, ಶಾಂಪೂವಿನಿಂದ ಮೊದಲೇ ಬಿರಿದ ಚರ್ಮ ಅದನ್ನು ಸುಲಭವಾಗಿ ಒಳಗೆ ಬಿಡುತ್ತೆ. ಮೈ ಅದನ್ನು ಒಮ್ಮೆ ಶತ್ರು ಅಂತ ಗುರುತು ಹಿಡಿದರೆ ಸಾಮಾನ್ಯವಾಗಿ ಜೀವನಪೂರ್ತಿ ಮರೆಯಲ್ಲ. ದಿನಾ ಅಷ್ಟು ತಲೆ ನಾನು ಬರಿಗೈಯಲ್ಲಿ ತೊಳೆದೆ!

ಕೊನೆಗೆ ಚರ್ಮದ ಡಾಕ್ಟರ್ ಬೆನ್ನಿಗೆ ಸಣ್ಣ ಸಣ್ಣ ಪಟ್ಟಿ ಅಂಟಿಸಿ ಪ್ಯಾಚ್ ಟೆಸ್ಟ್ ಮಾಡಿದರು. 48 ಗಂಟೆ ಬೆನ್ನಿಗೆ ನೀರು ತಾಕಿಸುವಂತಿಲ್ಲ. ಪಟ್ಟಿ ತೆಗೆದು ನೋಡಿ, ಎರಡು ದಿನ ಬಿಟ್ಟು ಮತ್ತೆ ನೋಡಿದರು. ಪಿಪಿಡಿ ಇಟ್ಟ ಜಾಗ ಕೆಂಪಾಗಿ ಗುಳ್ಳೆ ಎದ್ದಿತ್ತು. ಈಗ ನನ್ನ ತಲೆ ಅರ್ಧ ಬೆಳ್ಳಗಾಗಿದೆ, ನಾನೇ ಡೈ ಹಚ್ಚಿಕೊಳ್ಳುವ ಹಾಗಿಲ್ಲ. ಕಪ್ಪು ಮೆಹಂದಿಯೂ ಬೇಡ. ಬರೀ ಗೋರಂಟಿ ಕೆಂಪು ಬಣ್ಣ ಕೊಡುತ್ತೆ, ಕಪ್ಪು ಮಾಡೋಕೆ ಅದರಲ್ಲಿ ಹೆಚ್ಚಾಗಿ ಪಿಪಿಡಿಯನ್ನೇ ಬೆರೆಸುತ್ತಾರೆ. ಅಮೋನಿಯಾ ಇಲ್ಲ ಅಂತ ಬರೆದ ಡೈಯನ್ನೂ ನಂಬಬೇಡಿ, ಅಮೋನಿಯಾ ಬೇರೆ, ಪಿಪಿಡಿ ಬೇರೆ.

ಅದಕ್ಕೇ ಕ್ರೀಮ್ ಹೆಸರು ಹೇಳಲ್ಲ. ಯಾವುದರಿಂದ ಆಗ್ತಿದೆ ಅಂತ ಗೊತ್ತಾಗದೆ ಹಚ್ಚಿದರೆ ನನ್ನ ಹಾಗೇ ವರ್ಷ ಕಳೆಯುತ್ತೆ. ಕೆಲಸ ಬಿಡುವ ಮಾತೂ ಈಗಲೇ ಬೇಡ. ನಾನು ಬಿಟ್ಟಿಲ್ಲ. ಆದರೆ ಬ್ಲೀಚ್ ಪೌಡರ್ ಕಲಸುವಾಗ ಉಬ್ಬಸ ಬಂದರೆ ಮಾತ್ರ ತಡ ಮಾಡದೆ ಡಾಕ್ಟರ್ ಹತ್ತಿರ ಹೋಗಿ. ಆ ಪೌಡರ್ ಅಸ್ತಮಾ ತರಬಲ್ಲದು.

ಡೈ ಡಬ್ಬಿಯಲ್ಲಿ ಬರುವ ತೆಳು ಪ್ಲಾಸ್ಟಿಕ್ ಗ್ಲೌಸ್ ಸಾಲದು. ನೈಟ್ರೈಲ್ ಅನ್ನೋ ಕೃತಕ ರಬ್ಬರಿನ ಗ್ಲೌಸ್ ತನ್ನಿ, ಮಣಿಕಟ್ಟು ದಾಟುವಷ್ಟು ಉದ್ದದ್ದು. ಅಂಚನ್ನು ಹೊರಕ್ಕೆ ಮಡಚಿ, ಕೈ ಎತ್ತಿದಾಗ ನೀರು ಒಳಗೆ ಇಳಿಯಲ್ಲ. ಒಬ್ಬರಿಗೆ ಒಂದು ಜೊತೆ, ತೊಳೆದು ಮತ್ತೆ ಹಾಕಬೇಡಿ. ಉಂಗುರ ಮನೆಯಲ್ಲೇ ಇರಲಿ. ಕಟಿಂಗ್ ಮೊದಲು, ಬಣ್ಣ ಆಮೇಲೆ, ಇಲ್ಲಾಂದ್ರೆ ಆಗಷ್ಟೇ ಡೈ ಹಚ್ಚಿದ ಕೂದಲನ್ನು ಬರಿಗೈಯಲ್ಲಿ ಹಿಡಿಯಬೇಕಾಗುತ್ತೆ. ರಾತ್ರಿ ವಾಸನೆ ಇಲ್ಲದ ಪೆಟ್ರೋಲಿಯಂ ಜೆಲ್ಲಿ ಹಚ್ಚಿ.

ಮಾಲಕಿ ಗ್ಲೌಸ್ ಕೊಡದಿದ್ದರೆ ನಿಮ್ಮ ದುಡ್ಡಲ್ಲೇ ಒಂದು ಡಬ್ಬಿ ತನ್ನಿ. ಡಾಕ್ಟರ್ ಹತ್ತಿರ ಹೋಗುವಾಗ ನೀವು ಮುಟ್ಟುವ ಪ್ರತಿ ಡೈ, ಶಾಂಪೂ, ಬ್ಲೀಚ್ ಡಬ್ಬಿಯ ಹಿಂಭಾಗದ ಫೋಟೋ ಫೋನಲ್ಲಿ ಇರಲಿ. ಸಣ್ಣ ಅಕ್ಷರ ಓದೋಕೆ ಬರುವ ಹಾಗೆ ಹತ್ತಿರದಿಂದ ತೆಗೆಯಿರಿ.