ಮಾತ್ರೆ ಎಲ್ಲಿಂದ ಬಂತು ಅಂತ ಕೇಳ್ತಾರಲ್ಲ ಮೇಡಂ

ಹೆಸರುವಾಸಿ ನಟರೋ ಹಾಡುಗಾರರೋ ಡ್ರಗ್ಸ್ ಜಾಸ್ತಿಯಾಗಿ ಸತ್ತರು ಅನ್ನೋ ಸುದ್ದಿ ಬಂದಾಗ, ಕೆಲವು ದಿನಕ್ಕೇ ಆಪ್ತಸಲಹೆಗೆ ಅಂತ ನನ್ನ ಹತ್ತಿರ ಒಂದು ಥರದ ಜನ ಬರುತ್ತಾರೆ. ಚಟ ಇರುವವರಲ್ಲ, ಅವರ ಮನೆಯವರು. ಅಂಗಡಿಗೆ ಹೋಗಿ ಮಾತ್ರೆ ತಂದುಕೊಟ್ಟವರು, ದುಡ್ಡು ಕೊಟ್ಟವರು, ಗೊತ್ತಿದ್ದೂ ಸುಮ್ಮನಿದ್ದವರು. ಟೀವಿಯಲ್ಲಿ ‘ಕೊಟ್ಟವರು ಯಾರು?’ ಅಂತ ಕೂಗುವಾಗ ಅದು ತಮ್ಮನ್ನೇ ಕೇಳಿದ ಹಾಗೆ ಅವರಿಗೆ ಕೇಳಿಸುತ್ತದೆ. ಇಲ್ಲಿ ದಾವಣಗೆರೆಯಲ್ಲಿ ಇಂಥವರನ್ನು ಮತ್ತೆ ಮತ್ತೆ ನೋಡುತ್ತಿದ್ದೇನೆ. ಅದಕ್ಕೇ ಒಬ್ಬರ ವಿಷಯವನ್ನು, ಅವರ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ಬದಲಾಯಿಸಿ ಬರೆಯುತ್ತಿದ್ದೇನೆ.

ಅವರನ್ನು ಅಕ್ಕ ಅಂತಲೇ ಕರೆಯೋಣ. ಅವರ ತಮ್ಮ ಒಮ್ಮೆ ಬೈಕಿನಿಂದ ಬಿದ್ದು ಸೊಂಟಕ್ಕೆ ಪೆಟ್ಟು ಮಾಡಿಕೊಂಡಿದ್ದ. ನೋವಿಗೆ ಟ್ರಮಡಾಲ್ ಬರೆದುಕೊಟ್ಟಿದ್ದರು. ನೋವು ಹೋಯಿತು, ಮಾತ್ರೆ ಹೋಗಲಿಲ್ಲ. ಆಮೇಲೆ ನಿದ್ದೆಗೆ ಅಂತ ಆಲ್‌ಪ್ರಜೋಲಾಮ್ ಸೇರಿಕೊಂಡಿತು. ಮೇಲೆ ಕುಡಿತ. ಮನೆಯವರು ಒಂದು ಖಾಸಗಿ ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿಸಿದರು. ಮೈಕೈ ತುಂಬಿಕೊಂಡು ವಾಪಸ್ ಬಂದ. ಬಂದ ಸ್ವಲ್ಪ ದಿನಕ್ಕೆ, ‘ಅಕ್ಕ, ಇದೊಂದ್ಸಲ’ ಅಂದ. ಹಳೇ ಚೀಟಿ ತೋರಿಸಿ ಮೆಡಿಕಲ್ ಶಾಪಿನಿಂದ ಅಕ್ಕನೇ ತಂದುಕೊಟ್ಟರು. ಅವತ್ತು ರಾತ್ರಿ ಅವನು ಕುಡಿದೂ ಬಂದಿದ್ದ. ಬೆಳಗ್ಗೆ ಏಳಲಿಲ್ಲ.

ಪೊಲೀಸರು ಬಂದು ಯುಡಿಆರ್, ಅಂದರೆ ಅಸಹಜ ಸಾವಿನ ವರದಿ, ಮಾಡಿಕೊಂಡರು. ಪೋಸ್ಟ್‌ಮಾರ್ಟಂ ಆಯಿತು, ಎಫ್‌ಎಸ್‌ಎಲ್ ಅನ್ನೋ ಸರ್ಕಾರಿ ವಿಧಿವಿಜ್ಞಾನ ಲ್ಯಾಬಿಗೆ ಸ್ಯಾಂಪಲ್ ಹೋಯಿತು. ನೆಂಟರಿಗೆಲ್ಲ ಹಾರ್ಟ್ ಅಟ್ಯಾಕ್ ಅಂತ ಹೇಳಿದರು.

ಅಕ್ಕ ನನ್ನ ಹತ್ತಿರ ಬಂದಿದ್ದು ನಿದ್ದೆ ಬರಲ್ಲ ಅಂತ. ಆದರೆ ಮೊದಲ ಭೇಟಿಗಳಲ್ಲಿ ಅವರು ಮಾತಾಡಿದ್ದೆಲ್ಲ ಮ್ಯಾಥ್ಯೂ ಪೆರಿ ಅನ್ನೋ ಅಮೆರಿಕದ ನಟನ ಬಗ್ಗೆ. ರಾತ್ರಿಯೆಲ್ಲ ಮೊಬೈಲಿನಲ್ಲಿ ಆ ಕೇಸಿನ ವಿಡಿಯೋ ನೋಡುತ್ತಿದ್ದರು. ಆ ನಟ 2023ರ ಅಕ್ಟೋಬರ್ 28ರಂದು ಲಾಸ್ ಏಂಜಲೀಸಿನ ತನ್ನ ಮನೆಯಲ್ಲೇ ಸತ್ತ. ಕಾರಣ ಕೆಟಮಿನ್ ಅನ್ನೋ ಅರಿವಳಿಕೆ ಮದ್ದು. ಖಿನ್ನತೆಗೆ ಅಂತ ಚಿಕಿತ್ಸೆಯಾಗಿ ಅದನ್ನೇ ತಗೊಳ್ಳುತ್ತಿದ್ದ, ನಿಜ. ಆದರೆ ಕೊನೇ ಸಲ ತಗೊಂಡು ಒಂದೂವರೆ ವಾರ ಆಗಿತ್ತು. ಅದು ಮೈಯಲ್ಲಿ ಅಷ್ಟು ದಿನ ಉಳಿಯಲ್ಲ. ಹಾಗಾದರೆ ಇದು ಎಲ್ಲಿಂದ ಬಂತು? ತನಿಖೆ ಅಲ್ಲಿಂದಲೇ ಹಿಡಿದು ಹೋಯಿತು. 2024ರ ಆಗಸ್ಟ್‌ನಲ್ಲಿ ಐದು ಜನರ ಮೇಲೆ ಕೇಸು. ಅವರಲ್ಲಿ ಇಬ್ಬರು ಡಾಕ್ಟರು. ಇನ್ನೊಬ್ಬ ಮನೆಯಲ್ಲೇ ಇದ್ದ ಸಹಾಯಕ. ಕೊನೇ ದಿನ ಮೂರು ಸಲವಾದರೂ ಇಂಜೆಕ್ಷನ್ ಕೊಟ್ಟವನು ಅವನೇ. ಐದೂ ಜನ ತಪ್ಪೊಪ್ಪಿಕೊಂಡರು.

‘ಆ ಮನೆಯವನನ್ನೂ ಬಿಡಲಿಲ್ಲ ನೋಡ್ರಿ ಮೇಡಂ,’ ಅಂದರು ಅಕ್ಕ. ‘ಇಲ್ಲಿ ಆ ಮನೆಯವಳು ನಾನೇ.’

ಇಂಥ ಹೊತ್ತಿನಲ್ಲಿ ‘ನಿಮ್ಮ ತಪ್ಪೇನೂ ಇಲ್ಲ’ ಅನ್ನೋದು ಬಹಳ ಸುಲಭ. ನಾನು ಅನ್ನಲಿಲ್ಲ. ಅವರಿಗೆ ಅದನ್ನು ಗಂಡ ಹೇಳಿದ್ದ, ಅತ್ತೆ ಹೇಳಿದ್ದರು, ಯಾರದ್ದೂ ತಾಗಿರಲಿಲ್ಲ. ತಂದುಕೊಟ್ಟಿದ್ದು ನಿಜ ಅಲ್ವಾ? ನಿಜವನ್ನು ಇಲ್ಲ ಅಂದುಬಿಟ್ಟರೆ ಆ ಮನುಷ್ಯ ನಮ್ಮ ಹತ್ತಿರವೂ ಬಾಯಿ ಮುಚ್ಚಿಕೊಳ್ಳುತ್ತಾನೆ.

ಬದಲಿಗೆ ಒಂದು ಹಾಳೆ ಕೊಟ್ಟೆ. ಆ ರಾತ್ರಿ ನಿಮಗೆ ಏನು ಗೊತ್ತಿತ್ತು, ಏನು ಗೊತ್ತಿರಲಿಲ್ಲ, ಎರಡನ್ನೂ ಬರೀರಿ ಅಂದೆ. ‘ಗೊತ್ತಿರಲಿಲ್ಲ’ದ ಕೆಳಗೆ ಅವರು ಬರೆದ ಮೊದಲ ಸಾಲು: ‘ಮೊದಲು ತಗೊತಿದ್ದಷ್ಟೇ ಕೊಟ್ಟೆ.’ ಇದನ್ನು ಓದುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಕೆಲವು ವಾರ ಮಾತ್ರೆ ಬಿಟ್ಟವನ ಮೈ ಹಳೇ ಡೋಸನ್ನು ತಡೆಯಲ್ಲ. ಚಟದಲ್ಲಿದ್ದಾಗ ಅರಗಿಸಿಕೊಂಡಷ್ಟೇ ಮಾತ್ರೆ ಈಗ ಉಸಿರು ನಿಲ್ಲಿಸಬಹುದು. ಜೊತೆಗೆ ನಿದ್ದೆ ಮಾತ್ರೆ, ಹೆಂಡ ಸೇರಿದರೆ ಇನ್ನೂ ಬೇಗ. ಕೇಂದ್ರದಿಂದ ಬಿಟ್ಟು ಬಂದ ಮೊದಲ ದಿನಗಳೇ ಹೆಚ್ಚು ಅಪಾಯ. ಮನೆಗೆ ಕಳಿಸುವಾಗ ಇದನ್ನು ಆ ಮನೆಯವರಿಗೆ ಯಾರೂ ಹೇಳಿರಲಿಲ್ಲ. ನನಗೆ ಇದರ ಬಗ್ಗೆ ಸಿಟ್ಟಿದೆ.

ಆಮೇಲೆ ‘ಗೊತ್ತಿತ್ತು’ ಅನ್ನೋ ಕಡೆ ಬಂದರು. ಪೆನ್ನು ಹಿಡಿದುಕೊಂಡು ಬಹಳ ಹೊತ್ತು ಕೂತರು. ಬರೆಯಲಿಲ್ಲ, ಬಾಯಲ್ಲಿ ಹೇಳಿದರು.

‘ರಾತ್ರಿ ಎರಡು ಗಂಟೆಗೆ ನೀರಿಗೆ ಎದ್ದಿದ್ದೆ ಮೇಡಂ. ಗೊರಕೆ ಹೊಡೀತಿದ್ದ. ಅದು ಗೊರಕೆ ಥರ ಇರಲಿಲ್ಲ, ಗಂಟಲಲ್ಲಿ ಗೊರಗೊರ ಅಂತಿತ್ತು. ಅಲ್ಲಾಡಿಸಿದೆ, ಏಳಲಿಲ್ಲ. 108ಕ್ಕೆ ಮಾಡ್ಬೇಕು ಅಂದ್ಕಂಡೆ. ಫೋನ್ ಕೈಯಾಗೇ ಇತ್ತು. ಮಾತ್ರೆ ಎಲ್ಲಿಂದ ಬಂತು ಅಂತ ಕೇಳ್ತಾರಲ್ಲ ಮೇಡಂ? ಅಪ್ಪಗೆ ಗೊತ್ತಾಗ್ತತಿ. ಕುಡಿದಾನೆ, ಮಲಗಲಿ ಅಂತ ಒಳಗೆ ಹೋದೆ. ಬೆಳಗ್ಗೆ ಮೊದಲು ಮಾಡಿದ ಕೆಲಸ, ಮಾತ್ರೆ ಶೀಟು ಎತ್ಕಂಡು ಹೋಗಿ ಮಂಡಕ್ಕಿ ಡಬ್ಬಿ ತಳಕ್ಕೆ ಹಾಕಿದ್ದು. ಆಮೇಲೆ ಅಪ್ಪನ್ನ ಕೂಗಿದೆ.’

ಅಷ್ಟು ದಿನ ಅವರು ಅಂಗಡಿಯ ಬಗ್ಗೆ ಮಾತ್ರ ಹೇಳುತ್ತಿದ್ದರು. ಸುಡುತ್ತಿದ್ದದ್ದು ಇದು.

ಅವರಿಗೆ ನಾನು ಮೈಕಲ್ ಜಾಕ್ಸನ್ ಕೇಸಿನ ಒಂದು ಸಂಗತಿ ಹೇಳಿದೆ. 2009ರ ಜೂನ್ 25ರಂದು ಪ್ರೊಪೊಫಾಲ್ ಅನ್ನೋ ಅರಿವಳಿಕೆ ಮದ್ದಿನಿಂದ ಅವನು ಸತ್ತ. ಕೊಟ್ಟವನು ಮನೆಯಲ್ಲೇ ಇದ್ದ ಸ್ವಂತ ಡಾಕ್ಟರು. ಆಂಬುಲೆನ್ಸಿಗೆ ಫೋನ್ ಮಾಡುವ ಮೊದಲು ಆ ಡಾಕ್ಟರು ಮದ್ದಿನ ಬಾಟಲಿಗಳನ್ನು ಚೀಲಕ್ಕೆ ತುಂಬಿಸಲು ಹೇಳಿದರು ಅಂತ ಕಾವಲಿನವನು ಕೋರ್ಟಿನಲ್ಲಿ ಸಾಕ್ಷಿ ಹೇಳಿದ. 2011ರಲ್ಲಿ ಡಾಕ್ಟರಿಗೆ ಶಿಕ್ಷೆಯಾಯಿತು. ಇಬ್ಬರನ್ನೂ ಒಂದೇ ತಕ್ಕಡಿಗೆ ಹಾಕಲು ಇದನ್ನು ಹೇಳಲಿಲ್ಲ. ಅವರು ಡಾಕ್ಟರು, ಏನಾಗುತ್ತಿದೆ ಅಂತ ಗೊತ್ತಿತ್ತು, ಆ ಕೆಲಸಕ್ಕೆ ಸಂಬಳ ಮಾತಾಡಿಕೊಂಡಿದ್ದರು. ಆದರೆ ಭಯ ಬಂದಾಗ ಕೈ ಮೊದಲು ಎಲ್ಲಿಗೆ ಹೋಗುತ್ತದೆ ಅನ್ನೋದು ಇಬ್ಬರಲ್ಲೂ ಒಂದೇ. ಅಕ್ಕ ಅವತ್ತು ಮೊದಲ ಸಲ ಅತ್ತರು.

ನಾವೆಲ್ಲ ಯಾರಾದರೂ ಸತ್ತ ಕೂಡಲೇ ಕೇಳೋದು ‘ಯಾರು ಕೊಟ್ಟರು’ ಅಂತ. ಪೊಲೀಸರು ಕೇಳಲೇಬೇಕು, ಅದು ಅವರ ಕೆಲಸ. ಎಲ್ಲ ಸಲ ಉತ್ತರವೂ ಸಿಗಲ್ಲ. ಹಾಡುಗಾರ ಪ್ರಿನ್ಸ್ 2016ರಲ್ಲಿ ಫೆಂಟನಿಲ್ ಅನ್ನೋ ಬಹಳ ತೀಕ್ಷ್ಣವಾದ ನೋವಿನ ಮದ್ದು ಬೆರೆಸಿದ ನಕಲಿ ಮಾತ್ರೆಯಿಂದ ಸತ್ತ. ಎರಡು ವರ್ಷ ತನಿಖೆ ನಡೆದರೂ ಕೊಟ್ಟವರು ಸಿಗದೆ ಯಾರ ಮೇಲೂ ಕ್ರಿಮಿನಲ್ ಕೇಸಾಗಲಿಲ್ಲ. ಆದರೆ ಮನೆಯಲ್ಲಿ, ಬೀದಿಯಲ್ಲಿ, ಟೀವಿಯಲ್ಲಿ ಆ ಒಂದೇ ಪ್ರಶ್ನೆ ಕೂಗಿದರೆ, ರಾತ್ರಿ ಎರಡು ಗಂಟೆಗೆ ಫೋನ್ ಕೈಯಲ್ಲಿ ಹಿಡಿದವರು ಅದನ್ನು ಕೆಳಗಿಡುತ್ತಾರೆ.

ಆದ್ದರಿಂದ ಇಷ್ಟು ತಿಳಿದಿರಲಿ. ಗಂಟಲಲ್ಲಿ ಗೊರಗೊರ ಸದ್ದು, ಅಲ್ಲಾಡಿಸಿದರೂ ಏಳದಿರೋದು, ತುಟಿ ನೀಲಿಯಾಗೋದು, ಉಸಿರು ನಿಧಾನವಾಗೋದು, ಇದು ನಿದ್ದೆ ಅಲ್ಲ. ಪಕ್ಕಕ್ಕೆ ಹೊರಳಿಸಿ ಮಲಗಿಸಿ, 108ಕ್ಕೆ ಫೋನ್ ಮಾಡಿ, ಮಾತ್ರೆಯ ಶೀಟನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿ. ಯಾವ ಮಾತ್ರೆ ಅಂತ ಗೊತ್ತಾದರೆ ಡಾಕ್ಟರಿಗೆ ದಾರಿ ಸಿಗುತ್ತದೆ. ಟ್ರಮಡಾಲ್ ಥರದ, ಅಫೀಮು ಜಾತಿಯ ನೋವಿನ ಮಾತ್ರೆಗಳಿಗೆ ನಲಾಕ್ಸೋನ್ ಅನ್ನೋ ಪ್ರತಿಮದ್ದು ಇದೆ. ಆಸ್ಪತ್ರೆಯಲ್ಲಿ ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸುವ ಕೇಸು ಅಂತ ಬರೆಯುತ್ತಾರೆ, ಅದನ್ನು ಮುಚ್ಚಿಡಲ್ಲ. ಬರೆದುಕೊಳ್ಳಲಿ. ಬದುಕಿದವನು ಉತ್ತರ ಹೇಳಬಹುದು.

ಅಕ್ಕನಿಗೆ ನಾನು ಕೊಟ್ಟ ಸಲಹೆ ಎರಡು. ಮೊದಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ವಕೀಲರನ್ನು ಕೇಳಿ ಅಂದೆ. ಹೆಣ್ಣುಮಕ್ಕಳಿಗೆ ವರಮಾನ ಎಷ್ಟೇ ಇರಲಿ, ಅಲ್ಲಿ ಉಚಿತ. ಆ ಶೀಟಿನ ವಿಷಯ ಪೊಲೀಸರಿಗೆ ಹೇಗೆ ಹೇಳಬೇಕು ಅನ್ನೋದನ್ನು ವಕೀಲರ ಜೊತೆ ಕೂತೇ ತೀರ್ಮಾನಿಸಬೇಕು. ಆಮೇಲೆ ಅಪ್ಪನಿಗೆ ನೀವೇ ಹೇಳಿ, ಬೇಕಾದರೆ ನನ್ನ ಎದುರಿಗೆ.

ಜೊತೆ ಕೆಲಸ ಮಾಡುವವರೊಬ್ಬರು ನನ್ನನ್ನು ಆಕ್ಷೇಪಿಸಿದರು. ನೊಂದ ಹೆಣ್ಣುಮಗಳನ್ನು ಕೋರ್ಟು ಕಚೇರಿ ದಾರಿಗೆ ತಳ್ಳಿದಿರಿ ಅಂದರು. ನಾನು ಒಪ್ಪಲ್ಲ. ಆ ಮೆಡಿಕಲ್ ಶಾಪು ಇವತ್ತೂ ತೆರೆದಿದೆ. ಟ್ರಮಡಾಲ್, ಆಲ್‌ಪ್ರಜೋಲಾಮ್ ಎರಡೂ ಔಷಧ ನಿಯಮಗಳ ಶೆಡ್ಯೂಲ್ ಎಚ್1 ಅನ್ನೋ ಬಿಗಿ ಪಟ್ಟಿಯವು. 2014ರಿಂದ ಇವನ್ನು ಮಾರುವಾಗ ಬರೆದ ಡಾಕ್ಟರು ಯಾರು, ರೋಗಿ ಯಾರು, ಎಷ್ಟು ಕೊಟ್ಟೆವು ಅಂತ ಬೇರೆ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಹಳೇ ಚೀಟಿ ನೋಡಿ ಸುಮ್ನೆ ಕೊಟ್ಟವರನ್ನು ಯಾರೂ ಕೇಳದೆ, ಅಕ್ಕ ಒಬ್ಬರೇ ದಿನಾ ರಾತ್ರಿ ಕಟಕಟೆಯಲ್ಲಿ ನಿಲ್ಲಬೇಕಾ?

ಅಪ್ಪ ಬಂದರು. ಪೂರ್ತಿ ಕೇಳಿಸಿಕೊಂಡರು. ‘ಅವನು ನನ್ನನ್ನೂ ಕೇಳಿದ್ದ, ನಾನು ದುಡ್ಡು ಕೊಟ್ಟಿದ್ದೆ’ ಅಂದರು. ಅದು ಅಕ್ಕನಿಗೂ ಗೊತ್ತಿರಲಿಲ್ಲ. ವಕೀಲರ ಜೊತೆ ಹೋಗಿ ಅಕ್ಕ ಹೇಳಿಕೆ ಕೊಟ್ಟಿದ್ದಾರೆ, ಎಫ್‌ಎಸ್‌ಎಲ್ ವರದಿ ಇನ್ನೂ ಬಂದಿಲ್ಲ. ಅಮ್ಮನಿಗೆ ಹೇಳಬೇಕಾ ಅನ್ನೋದರಲ್ಲಿ ಅಪ್ಪ ಮಗಳಿಗೆ ಒಮ್ಮತ ಇಲ್ಲ. ಅಪ್ಪ ಬೇಡ ಅಂತಾರೆ. ಅಮ್ಮ ಈಗ ನಿದ್ದೆಗೆ ಅಂತ ಮಾತ್ರೆ ತಗೊಳ್ಳುತ್ತಿದ್ದಾರಂತೆ, ಯಾರು ಬರೆದುಕೊಟ್ಟರು ಅಂತ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಮುಂದಿನ ಭೇಟಿಗೆ ಅಮ್ಮನನ್ನೂ ಕರೆತನ್ನಿ, ಆ ಮಾತ್ರೆಯ ಚೀಟಿಯನ್ನೂ ತನ್ನಿ ಅಂದಿದ್ದೇನೆ.