ಮನೆ ಹಿಂದಿನ 9 ಅಡಿ ಜಾಗದಲ್ಲಿ ಏನೇನು ಮಾಡಬಹುದು?

ನಿಮ್ಮ ಪ್ರಶ್ನೆ ಓದಿದ ಕೂಡಲೇ ನಮ್ಮ ಮನೆಯ ಮೊದಲ ವರ್ಷ ನೆನಪಾಯಿತು. ಬೆಂಗಳೂರಿನಲ್ಲಿ 30-40 ಸೈಟು, ಮನೆ ಹಿಂದೆ 9 ಅಡಿ ಅಗಲ, 25 ಅಡಿ ಉದ್ದದ ಜಾಗ, ಸುತ್ತ ಕಾಂಪೌಂಡ್ ಅಂದಿದ್ದೀರಿ. ನಿಮ್ಮ ಯಜಮಾನರು ಪೂರ್ತಿ ಟೈಲ್ಸ್ ಹಾಕಿಸೋಣ ಅನ್ನುತ್ತಾರೆ. ನಿಮಗೆ ಹುಲ್ಲುಹಾಸು ಬೇಕು, ಕೂರೋಕೆ ಒಂದು ಜಾಗ ಬೇಕು. ಅಮ್ಮನಿಗೆ ಕರಿಬೇವು ಬೇಕೇ ಬೇಕು. ಮೂರೂ ಹೇಗೆ ಹಿಡಿಸುವುದು ಅಂತ ಕೇಳಿದ್ದೀರಿ.

ನಮ್ಮದು ಮೈಸೂರಿನಲ್ಲಿ, ನಿಮ್ಮದಕ್ಕಿಂತ ಒಂದಡಿ ಕಡಿಮೆ. 8 ಅಡಿ ಅಗಲ, 24 ಅಡಿ ಉದ್ದ. ಇವತ್ತು ಅದರಲ್ಲಿ ಬಟ್ಟೆ ಒಗೆಯುತ್ತೇವೆ, ಒಣಗಿಸುತ್ತೇವೆ, ಸೊಪ್ಪು ಬಿಡಿಸುತ್ತಾ ಕೂರುತ್ತೇವೆ, ವಾರಕ್ಕೆ ಮೂರು ದಿನವಾದರೂ ಅಲ್ಲಿಂದಲೇ ಅಡುಗೆಗೆ ಏನಾದರೂ ಬರುತ್ತದೆ. ಆದರೆ ಇಲ್ಲಿಗೆ ಬರುವ ಮೊದಲು ತಪ್ಪು ಮಾಡಿದ್ದೇವೆ, ದುಡ್ಡೂ ಕಳೆದುಕೊಂಡಿದ್ದೇವೆ. ನಿಮಗೆ ಹಾಗಾಗದಿರಲಿ ಅಂತ ಸ್ವಲ್ಪ ಉದ್ದಕ್ಕೇ ಬರೆಯುತ್ತಿದ್ದೇನೆ.

ನೀವು ಒಂದು ವಿಷಯ ಹೇಳಿಲ್ಲ. ಹಿತ್ತಲು ಯಾವ ದಿಕ್ಕಿಗಿದೆ? ಗಿಡ, ಕಲ್ಲು, ಬೆಂಚು ಎಲ್ಲ ಆಮೇಲಿನ ಮಾತು. ಮೊದಲು ಇದು ಗೊತ್ತಾಗಬೇಕು.

ನಮ್ಮ ಮನೆ ಬಾಗಿಲು ದಕ್ಷಿಣಕ್ಕೆ, ಹಿತ್ತಲು ಉತ್ತರಕ್ಕೆ. ಗೃಹಪ್ರವೇಶ ಆಗಿದ್ದು ಮೇ ತಿಂಗಳಲ್ಲಿ. ಹಿತ್ತಲಿನ ತುಂಬ ರಣ ಬಿಸಿಲು. ಇಷ್ಟು ಬಿಸಿಲಿದೆಯಲ್ಲ ಅಂತ ಹುಲ್ಲು ಹಾಕಿಸಿದೆವು, ಗುಲಾಬಿ ನೆಟ್ಟೆವು, ಟೊಮೆಟೊ ಹಾಕಿದೆವು. ಮಳೆಗಾಲ ಚೆನ್ನಾಗಿಯೇ ಕಳೆಯಿತು. ದೀಪಾವಳಿ ಮುಗಿಯುತ್ತಿದ್ದ ಹಾಗೆ ಎಲ್ಲ ಸೊರಗಿದವು. ಹುಲ್ಲು ಕೊಳೆತು ಪಾಚಿ ಕಟ್ಟಿತು.

ಕಾರಣ ತುಂಬ ಸರಳ. ನಮ್ಮ ಕಡೆ ಸೂರ್ಯ ವರ್ಷಪೂರ್ತಿ ಒಂದೇ ಕಡೆ ಇರುವುದಿಲ್ಲ. ಏಪ್ರಿಲ್ ಕೊನೆಯ ಹೊತ್ತಿಗೆ ಮಧ್ಯಾಹ್ನ ಸರಿಯಾಗಿ ನೆತ್ತಿ ಮೇಲೆ ಬರುತ್ತಾನೆ. ಆ ದಿನ ನೆಟ್ಟಗೆ ನಿಂತ ಕಂಬಕ್ಕೆ ನೆರಳೇ ಇರುವುದಿಲ್ಲ. ಶಾಲೆ ಮಕ್ಕಳು ಶೂನ್ಯ ನೆರಳಿನ ದಿನ ಅಂತ ನೋಡುತ್ತಾರಲ್ಲ, ಅದೇ. ಅಲ್ಲಿಂದ ಆಗಸ್ಟ್ ಮೂರನೇ ವಾರದವರೆಗೆ ಮಧ್ಯಾಹ್ನದ ಬಿಸಿಲು ಉತ್ತರದಿಂದ ಬೀಳುತ್ತದೆ. ಆಮೇಲೆ ಅವನು ದಕ್ಷಿಣಕ್ಕೆ ವಾಲುತ್ತಾ ಹೋಗುತ್ತಾನೆ. ಡಿಸೆಂಬರಿನಲ್ಲಿ 20 ಅಡಿ ಎತ್ತರದ ಮನೆಯ ನೆರಳು ಮಟಮಟ ಮಧ್ಯಾಹ್ನವೂ ಉತ್ತರಕ್ಕೆ ಸುಮಾರು 14 ಅಡಿ ಚಾಚುತ್ತದೆ. ಹಿತ್ತಲು ಇರುವುದೇ 8 ಅಡಿ. ಇನ್ನೆಲ್ಲಿ ಬಿಸಿಲು?

ಆದ್ದರಿಂದ ಒಂದು ಭಾನುವಾರ ಮನೆಯಲ್ಲೇ ಇದ್ದು ಹೀಗೆ ಮಾಡಿ. ಬೆಳಿಗ್ಗೆ 9ಕ್ಕೆ, 12ಕ್ಕೆ, 3ಕ್ಕೆ ನೆರಳು ಎಲ್ಲಿಗೆ ಮುಗಿಯುತ್ತದೋ ಅಲ್ಲಿ ರಂಗೋಲಿ ಪುಡಿಯಲ್ಲಿ ಗೆರೆ ಎಳೆಯಿರಿ. ನಾನು ಎಳೆದಾಗ ಮೂರು ಗೆರೆಗಳ ನಡುವೆ, ಈಶಾನ್ಯ ಮೂಲೆಯಲ್ಲಿ ಒಂದು ಮಂಚದಷ್ಟು ಜಾಗ ಮಾತ್ರ ಮೂರೂ ಹೊತ್ತು ಬೆಳಕಿನಲ್ಲಿ ಉಳಿಯಿತು. ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಂಡೆ. ಎರಡು ತಿಂಗಳು ಬಿಟ್ಟು ಮತ್ತೆ ಎಳೆದೆ. ನಮ್ಮ ಕರಿಬೇವು ಇವತ್ತು ನಿಂತಿರುವುದು ಅದೇ ಮೂಲೆಯಲ್ಲಿ. ಪಕ್ಕದ ಮನೆಯವರು ಇನ್ನೊಂದು ಮಹಡಿ ಕಟ್ಟುವ ಹಾಗಿದ್ದರೆ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಹಿತ್ತಲು ಪೂರ್ವಕ್ಕಿದ್ದರೆ ನೀವು ಪುಣ್ಯವಂತರು. ಬೆಳಗಿನ ಎಳೆ ಬಿಸಿಲಿಗೆ ಸೊಪ್ಪು ತರಕಾರಿ ಚೆನ್ನಾಗಿ ಬರುತ್ತದೆ. ಪಶ್ಚಿಮವಾದರೆ ಸಂಜೆ ಬಿಸಿಲು ಗೋಡೆ ಕಾಯಿಸುತ್ತದೆ, ಒಂದು ಬಳ್ಳಿ ಚಪ್ಪರ ಬೇಕಾಗುತ್ತದೆ. ಉತ್ತರವಾದರೆ ಬೇಜಾರಾಗಬೇಡಿ. ಆ ಜಾಗಕ್ಕೆ ಒಪ್ಪುವ ಗಿಡಗಳೇ ಬೇರೆ ಇವೆ.

ಈ ಪಾಠ ನನಗೆ ಹೇಳಿಕೊಟ್ಟಿದ್ದು ನಮ್ಮತ್ತೆ. ಅವರು ತೀರ್ಥಹಳ್ಳಿ ಕಡೆಯವರು. ಹುಲ್ಲು ಸತ್ತ ಜಾಗ ನೋಡಿ, "ಇದು ಮಲೆನಾಡಿನ ಹಿತ್ತಲ ಹಾಗಿದೆ, ಮಲೆನಾಡಿನ ಗಿಡ ಹಾಕು" ಅಂದರು. ಊರಿಂದ ಬರುವಾಗ ಬಟ್ಟೆ ಚೀಲದಲ್ಲಿ ಅರಿಶಿನದ ಗಡ್ಡೆ, ಒಂದೆಲಗದ ಬುಡ, ದೊಡ್ಡಪತ್ರೆಯ ನಾಲ್ಕು ಕಡ್ಡಿ, ವೀಳ್ಯದೆಲೆ ಬಳ್ಳಿಯ ತುಂಡು ತಂದರು. ಅರಿಶಿನವನ್ನು ಮೇ ಕೊನೆಯಲ್ಲಿ ಗೋಡೆ ಪಕ್ಕ ಸಾಲಾಗಿ ಹೂತರು. ಉತ್ತರದ ಹಿತ್ತಲಿಗೆ ಬಿಸಿಲು ಬರುವುದೂ ಆಗಲೇ ಅಲ್ವಾ? ಮಳೆಗಾಲವೆಲ್ಲ ಎಲೆಗಳು ಸೊಂಟದೆತ್ತರ ಬೆಳೆದವು. ನಾಗರಪಂಚಮಿಗೆ ಆ ಎಲೆಯಲ್ಲೇ ಕಡುಬು ಬೇಯಿಸಿದರು. ಕುಕ್ಕರ್ ಮುಚ್ಚಳ ತೆಗೆದಾಗ ಬಂದ ಆ ಘಮ ಇಡೀ ಮನೆ ತುಂಬಿತ್ತು. ಜನವರಿ ಹೊತ್ತಿಗೆ ಎಲೆ ಒಣಗಿ ಗಡ್ಡೆ ಮಲಗಿತು. ಹಿತ್ತಲಿಗೆ ನೆರಳು ಕವಿದಾಗ ಗಿಡಕ್ಕೂ ಬಿಸಿಲು ಬೇಕಿರಲಿಲ್ಲ. ಅವತ್ತಿನಿಂದ ನಾನು ಗಿಡ ತರುವ ಮೊದಲು ಅದು ಯಾವ ತಿಂಗಳು ಬೆಳೆಯುತ್ತದೆ ಅಂತ ಕೇಳಿಯೇ ತರುತ್ತೇನೆ.

ಈಗ ಮಣ್ಣಿನ ವಿಷಯ. ಹೊಸ ಮನೆಯಾದರೆ ದಯವಿಟ್ಟು ಗುದ್ದಲಿ ಹಾಕಿ ನೋಡಿ. ನಮ್ಮ ಮೊದಲ ಕರಿಬೇವು ಎಲೆ ಹಳದಿಯಾಗಿ, ಒಂದೂವರೆ ವರ್ಷ ಒಂದಡಿಯೂ ಏಳಲಿಲ್ಲ. ಅಗೆದರೆ ಮೇಲೆ ನಾಲ್ಕು ಇಂಚು ಕೆಂಪು ಮಣ್ಣು, ಕೆಳಗೆಲ್ಲ ಇಟ್ಟಿಗೆ ಚೂರು, ಟೈಲ್ಸ್ ತುಂಡು, ಗಟ್ಟಿಯಾದ ಸಿಮೆಂಟು. ಮನೆ ಕಟ್ಟಿದ ಮೇಸ್ತ್ರಿ ಉಳಿದದ್ದನ್ನೆಲ್ಲ ಅಲ್ಲೇ ಮುಚ್ಚಿ ಹೋಗಿದ್ದರು. ಸಿಮೆಂಟಿನ ಸುಣ್ಣದ ಅಂಶ ಸೇರಿದರೆ ಮಣ್ಣು ಕ್ಷಾರವಾಗುತ್ತದೆ, ಬೇರಿಗೆ ಕಬ್ಬಿಣದ ಅಂಶ ಸಿಗುವುದಿಲ್ಲ. ಎಲೆ ಹಳದಿಯಾಗಿ, ನರ ಮಾತ್ರ ಹಸಿರು ಉಳಿಯುವುದು ಅದಕ್ಕೇ. ಇಡೀ ಹಿತ್ತಲು ಅಗೆಯುವ ಅಗತ್ಯವಿಲ್ಲ. ಕಾಂಪೌಂಡ್ ಉದ್ದಕ್ಕೆ 2 ಅಡಿ ಅಗಲ, ಒಂದೂವರೆ ಅಡಿ ಆಳ ತೆಗೆಸಿ. ಕೆಂಪು ಮಣ್ಣು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಸ್ವಲ್ಪ ಮರಳು ಸೇರಿಸಿ ತುಂಬಿಸಿ. ದುಡ್ಡು ಹಾಕುವುದಾದರೆ ಮೊದಲು ಇದಕ್ಕೆ ಹಾಕಿ. ಪಾತಿ ಕಾಂಪೌಂಡ್ ಕಡೆಗೇ ಇರಲಿ, ಮನೆ ಗೋಡೆಗೆ ತಾಗಿಸಬೇಡಿ. ಒಳಗಿನ ಗೋಡೆಗೆ ತೇವ ಏರಿ ಬಣ್ಣ ಉದುರುತ್ತದೆ.

ಟೈಲ್ಸ್ ಬಗ್ಗೆ. ಯಜಮಾನರ ಮಾತಿನಲ್ಲೂ ಅರ್ಥವಿದೆ. ಕಾಲಿಗೆ ಕೆಸರು ಹತ್ತಬಾರದು, ಗುಡಿಸೋಕೆ ಸುಲಭ ಇರಬೇಕು. ಅದಕ್ಕೆ ಚಪ್ಪಡಿ ಕಲ್ಲು ಸಾಕು. ನಿಮಗೆ ಬೆಂಗಳೂರಿನಲ್ಲಿ ಸಾದರಹಳ್ಳಿ ಕಲ್ಲು ಸುಲಭವಾಗಿ ಸಿಗುತ್ತದೆ. ಸಿಮೆಂಟು ಬೇಡ, ಮರಳಿನ ಮೇಲೆ ಕೂರಿಸಿ. ಕಲ್ಲಿಂದ ಕಲ್ಲಿಗೆ ಎರಡು ಇಂಚು ಬಿಡಿ. ಮನೆಯಿಂದ ಆಚೆಗೆ 5 ಅಡಿಗೆ ಒಂದು ಇಂಚು ಇಳಿಜಾರು ಇರಲಿ. ಮಳೆ ನೀರು ಸಂದಿಯಲ್ಲಿ ಇಂಗುತ್ತದೆ. ನಾವು ಆ ಸಂದಿಗಳಿಗೆ ಒಂದೆಲಗ ಹಬ್ಬಿಸಿದ್ದೇವೆ. ನಿಮಗೆ ಬೇಕಿದ್ದ ಹಸಿರು ಹಾಸು ಅದೇ, ಕತ್ತರಿಸುವ ಕೆಲಸವಿಲ್ಲ. ಕತ್ತರಿಸಿದರೆ ಮಧ್ಯಾಹ್ನಕ್ಕೆ ತಂಬುಳಿ.

ಚರಂಡಿ ಪೈಪಿನ ಚೇಂಬರ್ ಮುಚ್ಚಳಗಳನ್ನು ಮಾತ್ರ ಮುಚ್ಚಬೇಡಿ. ಚೆನ್ನಾಗಿ ಕಾಣಲಿ ಅಂತ ನಾವು ಅದರ ಮೇಲೆ ಮಣ್ಣು ಹಾಕಿ ಕನಕಾಂಬರ ನೆಟ್ಟಿದ್ದೆವು. ಪೈಪು ಕಟ್ಟಿಕೊಂಡ ದಿನ ಹೂವಿನ ಗಿಡವನ್ನೆಲ್ಲ ಕಿತ್ತು ಹಾಕಬೇಕಾಯಿತು. ಈಗ ಅದರ ಮೇಲೆ ಎತ್ತಿಡಬಹುದಾದ ಒಂದು ಕುಂಡ ಇದೆ, ಅಷ್ಟೇ.

ಜಾಗ ದೊಡ್ಡದಾಗಿ ಕಾಣಬೇಕು ಅಂದರೆ ನಡುವೆ ಖಾಲಿ ಬಿಡಿ. ಗಿಡ ಎಲ್ಲ ಗೋಡೆಗೆ, ಮೂಲೆಗೆ, ಮೇಲಕ್ಕೆ. ಚಿಕ್ಕ ಚಿಕ್ಕ ಕುಂಡ ಮೂವತ್ತು ಇಟ್ಟರೆ ಕಾಲಿಡೋಕೆ ಜಾಗವಿಲ್ಲದೆ ಗೋದಾಮಿನ ಹಾಗೆ ಕಾಣುತ್ತದೆ, ಬೇಸಿಗೆಯಲ್ಲಿ ಒಂದೇ ದಿನಕ್ಕೆ ಒಣಗುತ್ತವೆ. ದೊಡ್ಡವು ಐದು ಸಾಕು. ಕಾಂಪೌಂಡಿಗೆ ಒಳಗಿನಿಂದ ಬಿಳಿ ಸುಣ್ಣ ಹೊಡೆಸಿ. ನೆರಳಿನ ಹಿತ್ತಲಿಗೆ ಅದರಿಂದ ಎಷ್ಟು ಬೆಳಕು ಬರುತ್ತದೆ ಅಂತ ನೋಡಿದ ಮೇಲೆಯೇ ಗೊತ್ತಾಗುವುದು. ಗೋಡೆಯಿಂದ ಅರ್ಧ ಅಡಿ ಬಿಟ್ಟು ತಂತಿ ಕಟ್ಟಿ ಬಸಳೆ, ತೊಂಡೆ ಹಬ್ಬಿಸಿ. ನೆರಳಿರುವ ಕಡೆ ವೀಳ್ಯದೆಲೆ.

ಮೂಲೆಗೆ ಒಂದೇ ಒಂದು ಬಾಳೆ. ಒಗೆಯೋ ಕಲ್ಲಿನ ಪಕ್ಕ ಇದ್ದರೆ ಬಟ್ಟೆ ಜಾಲಿಸಿದ ನೀರು ಅದಕ್ಕೇ ಹೋಗುತ್ತದೆ. ಸೋಪಿನ ಮೊದಲ ನೀರು ಚರಂಡಿಗೆ ಬಿಡಿ. ತಾಯಿ ಗಿಡದ ಜೊತೆ ಒಂದು ಮರಿ ಇಟ್ಟುಕೊಂಡು ಉಳಿದದ್ದು ತೆಗೆಯುತ್ತಿರಿ, ಇಲ್ಲದಿದ್ದರೆ ಹಿತ್ತಲೆಲ್ಲ ಬಾಳೆಯೇ. ನುಗ್ಗೆ ನನಗೆ ತುಂಬ ಇಷ್ಟ, ಆದರೂ 9 ಅಡಿ ಜಾಗಕ್ಕೆ ಬೇಡ ಅನ್ನುತ್ತೇನೆ. ಕಂಬಳಿಹುಳು ಬಿದ್ದರೆ ಒಣಗಲು ಹಾಕಿದ ಬಟ್ಟೆಗೂ ಬರುತ್ತದೆ, ಕೊಂಬೆ ಗಾಳಿಗೆ ಸುಲಭವಾಗಿ ಮುರಿಯುತ್ತದೆ. ತೆಂಗು, ಹಲಸು ಕೇಳಲೇಬೇಡಿ. ಅಮ್ಮನ ಕರಿಬೇವು ಖಂಡಿತ ಹಾಕಿ. ಜಾಸ್ತಿ ಬಿಸಿಲಿರುವ ಜಾಗ ಅದಕ್ಕೇ ಕೊಡಿ, ಐದಡಿಗೆ ತುದಿ ಚಿವುಟಿ ಪೊದೆ ಮಾಡಿ. ಬುಡದಲ್ಲಿ ಮರಿ ಎದ್ದರೆ ಕಿತ್ತು ಪಕ್ಕದವರಿಗೆ ಕೊಡಿ. ದುಂಡುಮಲ್ಲಿಗೆ ಆಸೆ ಇದ್ದರೆ ಮನೆ ಮುಂದೆಯೋ ತಾರಸಿಯಲ್ಲೋ ಇಡಿ, ನೆರಳಲ್ಲಿ ಬರೀ ಎಲೆ ಬಿಡುತ್ತದೆ.

ತಾರಸಿಯಿಂದ ಇಳಿಯುವ ಒಂದು ಪೈಪಿನ ಕೆಳಗೆ 200 ಲೀಟರಿನ ಡ್ರಮ್ ಇಡಿ. 600 ಚದರ ಅಡಿ ತಾರಸಿಯ ಮೇಲೆ ಬರೀ 4 ಮಿ.ಮೀ. ಮಳೆ ಬಿದ್ದರೂ ಅದು ತುಂಬುತ್ತದೆ. ಬಾಯಿಗೆ ಸೊಳ್ಳೆಪರದೆ ಬಿಗಿಯಾಗಿ ಕಟ್ಟಿ. ನಿಂತ ನೀರಿನಲ್ಲಿ ಡೆಂಗಿ ಸೊಳ್ಳೆ ಸುಮಾರು ಒಂದು ವಾರದಲ್ಲೇ ಹುಟ್ಟಿ ಹಾರುತ್ತದೆ, ಕುಂಡದ ತಟ್ಟೆಯೂ ಸಾಕು ಅದಕ್ಕೆ.

ಕೂರುವ ಜಾಗಕ್ಕೆ ಕುರ್ಚಿ ಮೇಜು ಕೊಳ್ಳಬೇಡಿ, ಅವೇ ಅರ್ಧ ಜಾಗ ತಿನ್ನುತ್ತವೆ. ಎರಡು ಗಿಡ್ಡ ಕಲ್ಲಿನ ಮೇಲೆ ಒಂದು ಉದ್ದ ಚಪ್ಪಡಿ, ಒಂದೂವರೆ ಅಡಿ ಎತ್ತರ. ಅಡಿಯಲ್ಲಿ ಗುದ್ದಲಿ, ಗೊಬ್ಬರದ ಬಕೆಟ್ ಹೋಗುತ್ತದೆ. ನಮ್ಮದು ಅಡುಗೆಮನೆ ಬಾಗಿಲಿಗೆ ಎದುರಾಗಿದೆ. ಅತ್ತೆ ಅಲ್ಲಿ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಾರೆ, ನಾನು ಒಲೆ ಮುಂದೆ ನಿಂತು ಅವರ ಜೊತೆ ಮಾತಾಡುತ್ತೇನೆ. ಇದನ್ನು ಹೀಗೇ ಅಂತ ಯೋಚಿಸಿ ಮಾಡಿರಲಿಲ್ಲ, ಆದರೆ ಇಡೀ ಹಿತ್ತಲಲ್ಲಿ ನನಗೆ ಜಾಸ್ತಿ ಖುಷಿ ಕೊಡುವುದು ಇದೇ.

ದಿಕ್ಕು ಯಾವುದು, ಚೇಂಬರ್ ಎಲ್ಲಿದೆ, ಬಟ್ಟೆ ಎಲ್ಲಿ ಒಣಗಿಸುತ್ತೀರಿ, ಈ ಮೂರು ಬರೆಯಿರಿ. ಯಾವ ಮೂಲೆಗೆ ಏನು ಅಂತ ಕಾಗದದ ಮೇಲೆ ಗೆರೆ ಎಳೆದು ಹಾಕುತ್ತೇನೆ.