ಇತಿಹಾಸ ಕಲಿಸುವವರ ಪ್ರಶ್ನೆ, ನನ್ನ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಪಾಲು ಹೈಸ್ಕೂಲು ಶಿಕ್ಷಕರದ್ದೇ. ವಿರಾಜಪೇಟೆ ತಾಲ್ಲೂಕಿನಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತಳಾದ ನನಗೆ ಇವು ಹತ್ತಿರದ ಪ್ರಶ್ನೆಗಳು. ಅದಕ್ಕೇ ಬೇರೆ ಪತ್ರಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದೇನೆ.

ಪ್ರಶ್ನೆ: ನಾನು ಸೋಮವಾರಪೇಟೆ ಕಡೆಯ ಹೈಸ್ಕೂಲಿನಲ್ಲಿದ್ದೇನೆ. ಡಿಗ್ರಿಯಲ್ಲಿ ಓದಿದ್ದು ಅರ್ಥಶಾಸ್ತ್ರ, ರಾಜ್ಯಶಾಸ್ತ್ರ. ಇತಿಹಾಸದ ಪಾಠ ಬಂದರೆ ಪಠ್ಯಪುಸ್ತಕ ಬಿಟ್ಟು ಒಂದು ಮಾತು ಆಡಲು ಧೈರ್ಯ ಬರುವುದಿಲ್ಲ. ನಮ್ಮ ಲೈಬ್ರರಿಯಲ್ಲಿ ಇರುವುದು ಗೈಡುಗಳು ಮಾತ್ರ. ಎಲ್ಲಿಂದ ಶುರು ಮಾಡಲಿ?

ಪಠ್ಯಪುಸ್ತಕದಿಂದಲೇ ಶುರು ಮಾಡಿ. ಹತ್ತನೇ ತರಗತಿಯಲ್ಲಿ ಬ್ರಿಟಿಷರ ವಿರುದ್ಧ ಕರ್ನಾಟಕದಲ್ಲಿ ನಡೆದ ಹೋರಾಟಗಳ ಪಾಠ ಇದೆಯಲ್ಲ, ಅದರಲ್ಲಿ ಅಮರ ಸುಳ್ಯದ ಬಂಡಾಯ ಬರುತ್ತದೆ. ಕಿತ್ತೂರು, ಸುರಪುರಗಳ ಜೊತೆ ಅದೂ ಒಂದು ಎಂದು ಓದಿ ಮುಂದೆ ಹೋಗುತ್ತೇವೆ. ನಮ್ಮ ಜಿಲ್ಲೆಯಲ್ಲಿ ಹಾಗೆ ಹೋಗಬಾರದು.

1834ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಹಾಲೇರಿ ವಂಶದ ಕೊನೆಯ ರಾಜ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ವಶಕ್ಕೆ ತೆಗೆದುಕೊಂಡಿತು. ಸುಳ್ಯ, ಪುತ್ತೂರು ಕಡೆಯ ಸೀಮೆಗಳನ್ನು ಬಿಡಿಸಿ ಕರಾವಳಿಯ ಕೆನರಾ ಜಿಲ್ಲೆಗೆ ಸೇರಿಸಿತು. ಅಲ್ಲಿಯ ತನಕ ಬೆಳೆಯಲ್ಲೇ ಕಂದಾಯ ಅಳೆದು ಕೊಡುತ್ತಿದ್ದ ರೈತರು ಈಗ ನಗದು ಕಟ್ಟಬೇಕಾಯಿತು. 1837ರಲ್ಲಿ ಅವರು ಎದ್ದರು, ಮಂಗಳೂರಿನ ತನಕ ಹೋದರು. ಅದೇ ವರ್ಷ ಅಕ್ಟೋಬರ್ 31ರಂದು ಬಂಡಾಯದ ಮುಂದಾಳು ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿಸಿದರು.

ಇಷ್ಟು ಹೇಳಿ ಮಕ್ಕಳನ್ನು ಕೇಳಿ: ಭತ್ತ ಕೊಡುತ್ತಿದ್ದವನಿಗೆ ದುಡ್ಡು ಕೊಡು ಅಂದರೆ ಏನು ಬದಲಾಗುತ್ತದೆ? ಕಂದಾಯದ ಗಡುವಿಗೆ ಎಲ್ಲರೂ ಒಟ್ಟಿಗೆ ಮಾರಲು ಹೊರಟರೆ ರೇಟು ಏನಾಗುತ್ತದೆ? ಕಾಫಿ, ಕರಿಮೆಣಸಿನ ಮನೆಯ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೋಡಿ, ನೀವು ಓದಿದ ಅರ್ಥಶಾಸ್ತ್ರ ಇಲ್ಲಿ ಕೆಲಸಕ್ಕೆ ಬಂತು. ಇತಿಹಾಸ ಓದಿ ಬಂದವರಿಗೆ ಹೊಳೆಯದ ಪ್ರಶ್ನೆ ನಿಮಗೆ ಹೊಳೆಯುತ್ತದೆ. ದಯವಿಟ್ಟು ಅದನ್ನು ಕೊರತೆ ಅಂದುಕೊಳ್ಳಬೇಡಿ.

ಇನ್ನು ಪುಸ್ತಕ. ನನ್ನ ಪ್ರಕಾರ ಹೈಸ್ಕೂಲು ಶಿಕ್ಷಕರಿಗೆ ಬೇಕಾಗಿರುವುದು ಇನ್ನೊಂದು ಗೈಡ್ ಅಲ್ಲ, ಮೂಲ ದಾಖಲೆಯನ್ನು ಸ್ವತಃ ಓದುವ ಅಭ್ಯಾಸ. ನಮ್ಮ ಪುಣ್ಯ, ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕ ಮಾಲೆಯ ಮೊದಲ ಸಂಪುಟವೇ ಕೊಡಗಿನ ಶಾಸನಗಳದ್ದು. 1886ರಲ್ಲಿ ಬಂತು, 1914ರಲ್ಲಿ ಪರಿಷ್ಕರಣೆ ಆಯಿತು. ಇಂಟರ್‌ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಶಾಸನದ ಪಾಠದ ಜೊತೆಗೆ ಇಂಗ್ಲಿಷ್ ಅನುವಾದವೂ ಇದೆ. ರಿಕ್ಟರ್ ಅವರು 1870ರಲ್ಲಿ ಬರೆದ ಕೊಡಗಿನ ಮ್ಯಾನುಯಲ್ ಕೂಡ ಅಲ್ಲೇ ಇದೆ. ಮಿಷನರಿಯೊಬ್ಬರ ಕಣ್ಣಲ್ಲಿ ಕಂಡ ಕೊಡಗು ಅದು, ಆ ಎಚ್ಚರ ಇಟ್ಟುಕೊಂಡೇ ಓದಬೇಕು. ನಡಿಕೇರಿಯಂಡ ಚಿಣ್ಣಪ್ಪ ಅವರ ‘ಪಟ್ಟೋಲೆ ಪಳಮೆ’ 1924ರದ್ದು. ಹಾಡುಗಳನ್ನೂ ಪದ್ಧತಿಗಳನ್ನೂ ಅವರು ಹಾಡುವವರ ಬಾಯಿಂದಲೇ ಕೇಳಿ ಬರೆದುಕೊಂಡರು. ರಾಜರ ಕಥೆಯಲ್ಲಿ ಸಿಗದ ಊರು, ನಾಡು, ಒಕ್ಕ (ಕೊಡವರ ಮನೆತನ) ಎಲ್ಲ ಅದರಲ್ಲಿ ಸಿಗುತ್ತದೆ.

ನೀವಿರುವುದು ಸೋಮವಾರಪೇಟೆ ಕಡೆ. ಶನಿವಾರಸಂತೆ ಹತ್ತಿರದ ಮುಳ್ಳೂರಿಗೆ ಹೋಗಿ ಬನ್ನಿ. ಚೋಳರ ಸಾಮಂತರಾಗಿದ್ದ ಕೊಂಗಾಳ್ವರ ಕಾಲದ, ಹನ್ನೊಂದನೇ ಶತಮಾನದ ಜೈನ ಬಸದಿಗಳು ಅಲ್ಲಿವೆ. ಅಲ್ಲಿನ ಶಾಸನಗಳು ರೈಸ್ ಸಂಪುಟದಲ್ಲಿವೆ. ಆ ಪುಟದ ಜೆರಾಕ್ಸ್ ಕೈಯಲ್ಲಿ ಹಿಡಿದು ಕಲ್ಲಿನ ಮುಂದೆ ನಿಲ್ಲಿ. ಚೋಳರು, ಗಂಗರು ಎಂದು ಎಂಟನೇ ತರಗತಿಗೆ ಪಾಠ ಮಾಡುವಾಗ ನಿಮ್ಮ ಮಾತಿಗೆ ಬೇರೆಯದೇ ತೂಕ ಬರುತ್ತದೆ.

ಪ್ರಶ್ನೆ: ಟಿಪ್ಪುವಿನ ಪಾಠ ಬಂದರೆ ನನ್ನ ಕ್ಲಾಸಿನಲ್ಲಿ ಜಗಳವೇ ಆಗುತ್ತದೆ. ಮನೆಯಲ್ಲಿ ಕೇಳಿದ್ದನ್ನು ಮಕ್ಕಳು ಹಾಗೇ ತಂದು ಹೇಳುತ್ತಾರೆ. ಬೇಗ ಓದಿ ಮುಗಿಸುವುದೇ ಒಳ್ಳೆಯದು ಎಂದು ಹಿರಿಯರು ಹೇಳುತ್ತಾರೆ. ನಿಮ್ಮ ಅಭಿಪ್ರಾಯ? – ಪೊನ್ನಂಪೇಟೆ ಕಡೆಯ ಶಿಕ್ಷಕಿ

ಬೇಗ ಮುಗಿಸಬೇಡಿ. ನೀವು ಬಿಟ್ಟ ಜಾಗವನ್ನು ವಾಟ್ಸಾಪ್ ತುಂಬುತ್ತದೆ.

ಕೊಡಗಿನ ಮೇಲೆ ಟಿಪ್ಪುವಿನ ದಂಡಯಾತ್ರೆ ನಡೆದದ್ದು, ಜನರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದದ್ದು ನಿಜ. ಇದರಲ್ಲಿ ಮುಚ್ಚಿಡುವುದು ಏನೂ ಇಲ್ಲ. ಕೊಡಗಿನ ರಾಜ ದೊಡ್ಡವೀರರಾಜೇಂದ್ರನೇ ಪಿರಿಯಾಪಟ್ಟಣದಲ್ಲಿ ಸೆರೆಯಲ್ಲಿದ್ದು, 1788ರಲ್ಲಿ ತಪ್ಪಿಸಿಕೊಂಡು ಬಂದವನು. ಆದರೆ ಸೆರೆಯಾದವರು ಎಷ್ಟು ಜನ ಎಂದು ಹುಡುಕಲು ಹೊರಟರೆ ಒಂದೊಂದು ಬರಹದಲ್ಲಿ ಒಂದೊಂದು ಲೆಕ್ಕ ಸಿಗುತ್ತದೆ. ನಿಮ್ಮ ನಿಜವಾದ ಪಾಠ ಶುರುವಾಗುವುದು ಅಲ್ಲೇ.

ಬೋರ್ಡಿನ ಮೇಲೆ ಮೂರು ಹೆಸರು ಬರೆಯಿರಿ. ಕಿರ್ಮಾನಿ ಮೈಸೂರಿನ ಆಸ್ಥಾನದ ಕಡೆಯವನು, ಪರ್ಷಿಯನ್‌ನಲ್ಲಿ ಬರೆದವನು. ವಿಲ್ಕ್ಸ್ ಬ್ರಿಟಿಷ್ ಸೇನಾಧಿಕಾರಿ, ಟಿಪ್ಪು ಸತ್ತ ಮೇಲೆ ಮೈಸೂರಿನಲ್ಲಿ ರೆಸಿಡೆಂಟ್, ಅಂದರೆ ಕಂಪನಿಯ ಪ್ರತಿನಿಧಿ, ಆಗಿದ್ದವನು. ಮೂರನೆಯದು ‘ರಾಜೇಂದ್ರನಾಮೆ’, ದೊಡ್ಡವೀರರಾಜೇಂದ್ರನೇ 1808ರಲ್ಲಿ ಬರೆಸಿದ್ದು. ಈಗ ಮಕ್ಕಳನ್ನು ಕೇಳಿ. ಯಾರು ಬರೆದರು? ಯಾವಾಗ? ಯಾರು ಓದಲಿ ಎಂದು? ಸಂಖ್ಯೆ ದೊಡ್ಡದಾದರೆ ಯಾರಿಗೆ ಹೆಮ್ಮೆ, ಯಾರಿಗೆ ಅನುಕೂಲ? ಮೂವರೂ ಒಪ್ಪುವ ಸಂಗತಿ ಯಾವುದು, ಬೇರೆಯಾಗುವುದು ಎಲ್ಲಿ? ಹದಿಮೂರು, ಹದಿನಾಲ್ಕು ವರ್ಷದ ಮಕ್ಕಳು ಇದನ್ನು ಚೆನ್ನಾಗಿ ಮಾಡುತ್ತಾರೆ. ದೊಡ್ಡವರಿಗಿಂತ ಚೆನ್ನಾಗಿ ಮಾಡುತ್ತಾರೆ ಎನ್ನುವುದು ನನ್ನ ಅನುಭವ.

ಇನ್ನೊಂದು ಮಾತು. ನಿಮ್ಮ ಕ್ಲಾಸಿನಲ್ಲಿ ಕೊಡವರ, ಅರೆಭಾಷೆ ಗೌಡರ, ಮಾಪಿಳ್ಳೆಯರ, ಯರವರ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುತ್ತಾರೆ ಅಲ್ವಾ? ಇನ್ನೂರು ವರ್ಷಕ್ಕೂ ಹಿಂದಿನ ಯುದ್ಧಕ್ಕೆ ಆ ಬೆಂಚಿನಲ್ಲಿರುವ ಯಾವ ಮಗುವೂ ಉತ್ತರ ಕೊಡಬೇಕಾಗಿಲ್ಲ. ಪಾಠಕ್ಕೆ ಮೊದಲೇ ಇದನ್ನು ಬಾಯಿ ಬಿಟ್ಟು ಹೇಳಿ. ‘ಅವರು’, ‘ನಾವು’ ಎಂದು ಯಾರಾದರೂ ಶುರು ಮಾಡಿದರೆ ಅಲ್ಲೇ ನಿಲ್ಲಿಸಿ, ‘ಟಿಪ್ಪುವಿನ ಸೈನ್ಯ’, ‘ಹಾಲೇರಿ ರಾಜ’ ಎಂದು ಹೆಸರು ಹಿಡಿದು ಮಾತಾಡಲು ಹೇಳಿಕೊಡಿ. ಹೆಡ್‌ಮಾಸ್ಟರಿಗೆ ಮುಂಚೆಯೇ ತಿಳಿಸಿ, ಪಾಠ ಯೋಜನೆಯಲ್ಲಿ ಮೂಲಗಳ ಹೆಸರು ಬರೆದಿಡಿ. ಪೋಷಕರು ಯಾರಾದರೂ ಕೇಳಿಕೊಂಡು ಬಂದರೆ ತೋರಿಸಲು ಅದು ಬೇಕಾಗುತ್ತದೆ.

ಪ್ರಶ್ನೆ: ಇತಿಹಾಸ ಶಿಕ್ಷಕರಿಗೆಂದೇ ಒಳ್ಳೆಯ ತರಬೇತಿ ಎಲ್ಲಿ ಸಿಗುತ್ತದೆ? ಬರುವ ತರಬೇತಿಗಳಲ್ಲೆಲ್ಲ ಸ್ಲೈಡ್ ಓದುತ್ತಾರೆ, ಅಷ್ಟೇ.

ನಿಮ್ಮ ಬೇಸರ ಸರಿಯಾದದ್ದೇ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರಿಗೂ ವರ್ಷಕ್ಕೆ 50 ಗಂಟೆಯ ವೃತ್ತಿ ತರಬೇತಿ ಎನ್ನುತ್ತದೆ. ಆ ಗಂಟೆಗಳು ಸುಮ್ನೆ ಹೋಗದಂತೆ ನಾವೂ ಕೇಳಿ ಪಡೆಯಬೇಕು. ಕೂಡಿಗೆಯ ಡಯಟ್‌ಗೆ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗೆ) ಲಿಖಿತವಾಗಿ ಬೇಡಿಕೆ ಕೊಡಿ: ಶಾಸನ ಓದುವ ಒಂದು ದಿನ, ಕೋಟೆಯಲ್ಲೇ ನಡೆಯುವ ಒಂದು ದಿನ. ಒಬ್ಬರೇ ಕೊಡುವುದಕ್ಕಿಂತ ಹತ್ತು ಸಹಿ ಇದ್ದರೆ ಒಳ್ಳೆಯದು.

ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ ನಮಗೆ ಹತ್ತಿರ. ಸಾಂಸ್ಕೃತಿಕ ಸಂಪನ್ಮೂಲ ಮತ್ತು ತರಬೇತಿ ಕೇಂದ್ರ, ಅಂದರೆ ಸಿಸಿಆರ್‌ಟಿ, ಸ್ಮಾರಕ ಮತ್ತು ಕಲೆಗಳನ್ನು ಪಾಠಕ್ಕೆ ಜೋಡಿಸುವುದನ್ನು ಕಲಿಸುತ್ತದೆ. ಅದರ ಒಂದು ಪ್ರಾದೇಶಿಕ ಕೇಂದ್ರ ಹೈದರಾಬಾದಿನಲ್ಲಿದೆ. ಬಿಇಒ ಕಚೇರಿಯಲ್ಲಿ ವಿಚಾರಿಸಿ. ಕನ್ನಡದಲ್ಲೇ ಬೇಕು ಎನ್ನುವವರಿಗೆ ಸರ್ಕಾರದ ಆನ್‌ಲೈನ್ ಕಲಿಕಾ ತಾಣ ದೀಕ್ಷಾ ಇದೆ. ನಮ್ಮ ರಾಜ್ಯದ ಶಿಕ್ಷಕರೇ ಸೇರಿ ಬರೆದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ತಾಣವೂ ಇದೆ. ಕರ್ನಾಟಕ ಇತಿಹಾಸ ಅಕಾಡೆಮಿಯ ವಾರ್ಷಿಕ ಸಮ್ಮೇಳನಕ್ಕೆ ಒಮ್ಮೆ ಹೋಗಿ ಬನ್ನಿ. ಯಾವುದೋ ಹಳ್ಳಿಯ ವೀರಗಲ್ಲಿನ ಬಗ್ಗೆ ಅಷ್ಟು ಶ್ರದ್ಧೆಯಿಂದ ಕನ್ನಡದಲ್ಲಿ ಮಾತಾಡುವವರನ್ನು ಕೇಳಿದರೆ ಹುರುಪು ಬರುತ್ತದೆ.

ಇದೆಲ್ಲಕ್ಕಿಂತ ನನಗೆ ಹೆಚ್ಚು ಕಲಿಸಿದ್ದು ಅಕ್ಕಪಕ್ಕದ ಶಾಲೆಗಳ ಶಿಕ್ಷಕರ ಜೊತೆ ಶನಿವಾರ ಮಧ್ಯಾಹ್ನ ಕೂತು ಒಂದೇ ದಾಖಲೆಯನ್ನು ಓದಿದ್ದು. ಓದಿ, ವಾದ ಮಾಡಿ, ಸೋಮವಾರ ಕ್ಲಾಸಿಗೆ ಏನು ಒಯ್ಯಬೇಕು ಎಂದು ಬರೆದುಕೊಂಡು ಏಳುತ್ತಿದ್ದೆವು. ನೀವು ನಾಲ್ಕು ಜನ ಸಿಕ್ಕರೂ ಶುರು ಮಾಡಿ.

ಪ್ರಶ್ನೆ: ಒಂದೇ ದಿನದ ಪ್ರವಾಸ, ಮಡಿಕೇರಿಯಲ್ಲಿ ಏನು ತೋರಿಸಲಿ?

ರಾಜಾಸೀಟು ಸಂಜೆಗೆ ಇರಲಿ. ಬೆಳಿಗ್ಗೆ ಕೋಟೆ, ಅದರೊಳಗಿನ ಹಳೆಯ ಚರ್ಚಿನಲ್ಲಿರುವ ಮ್ಯೂಸಿಯಂ. ಆಮೇಲೆ 1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ ಓಂಕಾರೇಶ್ವರ ದೇವಸ್ಥಾನ, ಅಲ್ಲಿಂದ ಗದ್ದುಗೆ, ಅಂದರೆ ರಾಜರ ಸಮಾಧಿಗಳು. ದೇವಸ್ಥಾನದ ಮೇಲೂ ಗದ್ದುಗೆಯ ಮೇಲೂ ಇರುವ ಗುಮ್ಮಟಗಳನ್ನು ಮಕ್ಕಳಿಂದಲೇ ಚಿತ್ರ ಬರೆಸಿ. ಶಿವಭಕ್ತ ರಾಜರು ಈ ಶೈಲಿ ಯಾಕೆ ಆರಿಸಿಕೊಂಡಿರಬಹುದು ಎಂದು ಬಸ್ಸಿನಲ್ಲಿ ವಾಪಸ್ ಬರುವಾಗ ಕೇಳಿ. ಮಳೆಗಾಲ ಬೇಡ, ಡಿಸೆಂಬರ್ ಒಳ್ಳೆಯದು.